ವೇಗಕ್ಕಾಗಿ ಕಿತ್ತ ವೇಗವರ್ಧಕ

ರಸಾಯನಶಾಸ್ತ್ರದ ಕನ್ನಡ ಪಠ್ಯಗಳಲ್ಲಿ ‘ವೇಗವರ್ಧಕ’ ಎಂಬ ಮಾತೊಂದಿದೆ. ತಾನು ವ್ಯಯವಾಗದೆ, ತನ್ನ ಸನ್ನಿಧಿಯಿಂದಲೇ ಒಂದು ರಾಸಾಯನಿಕ ಕ್ರಿಯೆಯನ್ನು ತ್ವರೆಗೊಳಿಸುವ ಪದಾರ್ಥಕ್ಕೆ ಆ ಹೆಸರು. ಇಂದಿನ ಮೋಟರ್‌ಬೈಕುಗಳ ಹೊಗೆಕೊಳವೆಯಲ್ಲಿ ಇಂಥದೊಂದು ವೇಗವರ್ಧಕವನ್ನು ಅಡಗಿಸಿಟ್ಟಿರುತ್ತಾರೆ. ಗ್ಯಾರೇಜಿನವರು ಅದನ್ನು ಕ್ಯಾಟಲಿಟಿಕ್ ಕನ್ವರ್ಟರ್ ಎನ್ನುತ್ತಾರೆ. ಭಟ್ಕಳ, ಹೊನ್ನಾವರ, ಕುಮಟಾಗಳ ತರುಣರಲ್ಲಿ ಕೆಲವರು ಈಗ ಬೈಕು ಇನ್ನೂ ವೇಗವಾಗಿ ಓಡಲೆಂದು ಈ ವೇಗವರ್ಧಕವನ್ನೇ ಕಿತ್ತೆಸೆಯುತ್ತಿದ್ದಾರೆ. ಭಾಷೆಯನ್ನು ಕಲಿಸುವವನ ಕಣ್ಣಿಗೆ ಮೊದಲು ಬೀಳುವುದು ಈ ವಿನೋದವೇ ಸರಿ. ಆದರೆ ವಿಷಯವು ವಿನೋದದಲ್ಲಿ ಮುಗಿಯತಕ್ಕುದಲ್ಲ.

ಕೇಳಿದರೆ ಅವರು ಕೊಡುವ ಉತ್ತರ ಸಿದ್ಧವಾಗಿದೆ: ‘ಇದು ರಸ್ತೆಗಲ್ಲ ಸರ್, ಆಫ್‌ರೋಡ್ ರೇಸಿಗೆ.’ ಜಂಬಿಟ್ಟಿಗೆಯ ಬೋಳುಗುಡ್ಡ, ಕೊಯ್ಲಾದ ಗದ್ದೆ, ಮಳೆಗಾಲದ ಕೆಸರುದಾರಿ, ಇವುಗಳ ಮೇಲೆ ಬೈಕು ಹಾರಿಸುವ ಹಂಬಲವನ್ನು ನಾನು ಕೀಳೆಂದು ತಿಳಿದವನಲ್ಲ. ಬೆಂಗಳೂರಿನ ಸಿ. ಎಸ್. ಸಂತೋಷ್ 2015ರಲ್ಲಿ ಡಕಾರ್ ರ‍್ಯಾಲಿಯನ್ನು ಪೂರ್ಣಗೊಳಿಸಿದ ಮೊದಲನೆಯ ಭಾರತೀಯರಾದರು. ಅದೇ ನಗರದ ಐಶ್ವರ್ಯಾ ಪಿಸ್ಸೆ 2019ರಲ್ಲಿ ಬಾಜಾ ಸ್ಪರ್ಧೆಗಳ ಮಹಿಳಾ ವಿಭಾಗದ ವಿಶ್ವಕಪ್ಪನ್ನು ಗೆದ್ದರು. ಕನ್ನಡನಾಡಿನ ಮಕ್ಕಳು ಮರಳುಗಾಡಿನಲ್ಲಿ ಗಳಿಸಿದ ಕೀರ್ತಿಯು ಕರಾವಳಿಯ ಹುಡುಗನ ನಿದ್ದೆ ಕೆಡಿಸಿದರೆ ಅದು ಸಹಜ. ಆದರೆ ಆ ಬೈಕು ಗುಡ್ಡಕ್ಕೆ ಹೋಗುವುದು ಹೇಗೆ? ರಾಷ್ಟ್ರೀಯ ಹೆದ್ದಾರಿ 66ರ ಮೇಲೆಯೇ. ಶಾಲೆಯ ಬಾಗಿಲು, ಆಸ್ಪತ್ರೆಯ ಕಿಟಕಿ, ಮೀನುಪೇಟೆ ಎಲ್ಲವನ್ನೂ ದಾಟಿಯೇ. ವಾರದಲ್ಲಿ ಒಂದು ಗಂಟೆ ಗುಡ್ಡದ ಮೇಲೆ, ಉಳಿದ ದಿನವೆಲ್ಲ ಪೇಟೆಯಲ್ಲಿ ಓಡುವ ಬೈಕನ್ನು ರೇಸಿನ ಬೈಕು ಎನ್ನುವುದು ಮಾತಿಗೆ ಮಾಡುವ ಅನ್ಯಾಯ.

ಕಿತ್ತೆಸೆದ ವಸ್ತುವಾದರೂ ಎಂಥದು? ಜೇನುಹುಟ್ಟಿನಂತೆ ಸಾವಿರ ಕಿರುಗಂಡಿಗಳುಳ್ಳ ಒಂದು ತುಂಡು. ಅದರ ಮೈಗೆ ಪ್ಲಾಟಿನಂ, ಪೆಲ್ಲೇಡಿಯಂ, ರೋಡಿಯಂ ಎಂಬ ಬೆಲೆಬಾಳುವ ಲೋಹಗಳ ಲೇಪ. ಕಾದ ಹೊಗೆ ಈ ಗಂಡಿಗಳಲ್ಲಿ ಹಾಯುವಾಗ ವಿಷವಾದ ಕಾರ್ಬನ್ ಮಾನಾಕ್ಸೈಡೂ ಅರೆಬೆಂದ ಪೆಟ್ರೋಲೂ ಇಂಗಾಲದ ಡೈಆಕ್ಸೈಡು ಮತ್ತು ನೀರಾವಿಗಳಾಗಿ ಮಾರ್ಪಡುತ್ತವೆ. ಎದೆಯನ್ನು ಕೆಡಿಸುವ ನೈಟ್ರೋಜನ್ ಆಕ್ಸೈಡುಗಳು ಬರಿಯ ನೈಟ್ರೋಜನ್ನಾಗುತ್ತವೆ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಭಾರತ್ ಸ್ಟೇಜ್ 6ರ ಪ್ರಕಾರ ಬೈಕೊಂದು ಕಿಲೋಮೀಟರಿಗೆ 1 ಗ್ರಾಮಿಗಿಂತ ಹೆಚ್ಚು ಕಾರ್ಬನ್ ಮಾನಾಕ್ಸೈಡನ್ನು ಉಗುಳಕೂಡದು. ಈ ತುಂಡಿಲ್ಲದೆ ಆ ಮಿತಿಯನ್ನು ಕಾಯುವುದು ಕಷ್ಟ. ಟ್ಯಾಂಕಿನ ಪೆಟ್ರೋಲ್ ಆವಿಯನ್ನು ಹಿಡಿದಿಡುವ ಇದ್ದಿಲಿನ ಡಬ್ಬಿಯೊಂದಿದೆ. ಅದರಿಂದ ಎಂಜಿನ್ನಿಗೆ ಹೇಳಿಕೊಳ್ಳುವಂಥ ಭಾರವೇನೂ ಇಲ್ಲ; ಆದರೂ ಕೀಳುವ ಉತ್ಸಾಹದಲ್ಲಿ ಅದನ್ನೂ ಬಿಡುವುದಿಲ್ಲ.

ಎದುರುಪಕ್ಷದ ಮಾತಿನಲ್ಲಿ ಸತ್ಯವಿಲ್ಲವೆಂದಲ್ಲ. ಮೋಟೋಕ್ರಾಸ್ ಸ್ಪರ್ಧೆಗೆಂದೇ ಕಟ್ಟಿದ ಬೈಕುಗಳಲ್ಲಿ ಈ ಉಪಕರಣ ಇರುವುದಿಲ್ಲ. ಕಿತ್ತರೆ ತೂಕ ಇಳಿಯುತ್ತದೆ, ಹೊಗೆಯ ಹಾದಿ ಸರಾಗವಾಗುತ್ತದೆ. ಎಂಜಿನ್ನಿನ ಕಂಪ್ಯೂಟರಿನಲ್ಲಿ ಇಂಧನದ ಲೆಕ್ಕವನ್ನೂ ತಿದ್ದಿದರೆ ಒಂದಿಷ್ಟು ಶಕ್ತಿ ಸಿಗುವುದೂ ಉಂಟು. ಆ ಲೆಕ್ಕವನ್ನು ತಿದ್ದದೆ ಕೊಳವೆಯನ್ನಷ್ಟೇ ಬರಿದು ಮಾಡಿದವನಿಗೆ ಸಿಗುವುದು ಹೆಚ್ಚಾಗಿ ಶಬ್ದ. ನಮ್ಮ ಕಿವಿ ಶಬ್ದವನ್ನೇ ಶಕ್ತಿಯೆಂದು ಮೋಸಹೋಗುತ್ತದೆ.

ಈ ಮೋಸಕ್ಕೆ ಕನ್ನಡನಾಡಿನಲ್ಲಿ ಇತಿಹಾಸವೇ ಇದೆ. ಮೈಸೂರಿನ ಕಾರ್ಖಾನೆಯಿಂದ 1961ರಲ್ಲಿ ಜಾವಾ ಹೊರಬಂದಿತು. ಅದರ ತರುವಾಯ ಯೆಜ್ಡಿ. 1996ರಲ್ಲಿ ಕಾರ್ಖಾನೆ ಬಾಗಿಲು ಮುಚ್ಚುವವರೆಗೂ ಆ ಬೈಕುಗಳ ನಾದ ನಾಡಿನ ರಸ್ತೆಗಳಲ್ಲಿ ಮೊಳಗಿತು. ಯಮಹಾ ಆರ್‌ಎಕ್ಸ್ 100ರ ಮೋಹವೂ ಇಂದಿಗೂ ಇಳಿದಿಲ್ಲ. ಇವೆಲ್ಲ ಎರಡು ಹೊಡೆತದ ಎಂಜಿನ್ನುಗಳು. ಅಂಥ ಎಂಜಿನ್ನಿನಲ್ಲಿ ಹೊಗೆಕೊಳವೆಯ ಆಕಾರವೇ ಪ್ರಾಣ. ಕೊಳವೆಯಿಂದ ಹಿಂದಿರುಗಿ ಬರುವ ಒತ್ತಡದ ಅಲೆಯು ಹೊರಗೆ ನುಸುಳಲಿದ್ದ ಹೊಸ ಇಂಧನವನ್ನು ಮರಳಿ ಸಿಲಿಂಡರಿಗೆ ನೂಕುತ್ತದೆ. ಆ ಆಕಾರವನ್ನು ಅರಿಯದೆ ಕೊರೆದವನ ಬೈಕು ಗುಡುಗುತ್ತಲೇ ಬಲಹೀನವಾಗುತ್ತಿತ್ತು. ಹಳೆಯ ಮೇಸ್ತ್ರಿಗಳು ಇದನ್ನು ಬಲ್ಲರು. ಹೊಸಬರಿಗೆ ಹೇಳುವ ತಾಳ್ಮೆ ಅವರಿಗಿಲ್ಲ, ಕೇಳುವ ತಾಳ್ಮೆ ಇವರಿಗಿಲ್ಲ.

ಗುಡ್ಡದ ದಾರಿಯಲ್ಲಿ ಗೆಲ್ಲಿಸುವುದು ಬೇರೆಯೇ. ಹೀರೋ ಕಂಪನಿಯು ತನ್ನ ಎಕ್ಸ್‌ಪಲ್ಸ್ ಬೈಕಿಗೆಂದು ಸ್ಪರ್ಧಾಳುಗಳಿಗೆ ಕೊಟ್ಟ ರ‍್ಯಾಲಿ ಕಿಟ್ಟಿನಲ್ಲಿ ಮುಖ್ಯವಾಗಿದ್ದುದು ಎತ್ತರದ ಸಸ್ಪೆನ್ಶನ್, ಕೆಸರನ್ನು ಕಚ್ಚುವ ಟಯರು, ಮೇಲಕ್ಕೆ ಎತ್ತಿದ ಹ್ಯಾಂಡಲ್. ಚಕ್ರವು ನೆಲವನ್ನು ಬಿಡದಿರಬೇಕು, ಸವಾರನ ಮೊಣಕಾಲು ಸೋಲದಿರಬೇಕು. ಕಲ್ಲಿನ ನಡುವೆ ಹಿಂದಿನ ಚಕ್ರ ಬರಿದೆ ತಿರುಗುತ್ತಿರುವಾಗ ಇನ್ನೆರಡು ಕುದುರೆಗಳ ಬಲ ಬಂದು ಮಾಡುವುದೇನು? ಕೆಸರನ್ನು ಇನ್ನಷ್ಟು ಎರಚೀತು.

ಶಬ್ದದ ವಿಷಯದಲ್ಲಿ ನಮ್ಮ ಸೀಮೆಯವರು ಮಡಿವಂತರೆಂದು ಯಾರೂ ಹೇಳಲಾರರು. ಗುಣವಂತೆಯ ಕೆರೆಮನೆ ಮೇಳದ ಚಂಡೆಯನ್ನು ರಾತ್ರಿಯಿಡೀ ಕೇಳಿ ಬೆಳೆದ ಊರುಗಳಿವು. ಆದರೆ ಚಂಡೆಗೆ ರಂಗಸ್ಥಳವುಂಟು, ತಾಳವುಂಟು, ಕೇಳಲೆಂದೇ ಬಂದು ಕುಳಿತ ಜನರುಂಟು. ನಮ್ಮ ದಕ್ಷಿಣದ ನೆರೆಯವರು ಕಂಬಳದ ಕೋಣಗಳನ್ನು ಕರೆಯಲ್ಲಿ ಓಡಿಸುತ್ತಾರೆ, ಪೇಟೆಯಲ್ಲಿ ಅಲ್ಲ. ಮೋಟೋಕ್ರಾಸಿನ ಅಂಗಳದಲ್ಲಿಯೂ ಅಂತರರಾಷ್ಟ್ರೀಯ ಮೋಟರ್‌ಸೈಕಲ್ ಒಕ್ಕೂಟದವರು ಶಬ್ದವನ್ನು ಅಳೆದೇ ಬೈಕನ್ನು ಒಳಗೆ ಬಿಡುತ್ತಾರೆಂಬುದು ನಮ್ಮ ವೀರರಿಗೆ ತಿಳಿದಂತಿಲ್ಲ.

ಕಾನೂನು ಸ್ಪಷ್ಟವಾಗಿಯೇ ಇದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಇಂಥ ಬದಲಾವಣೆಯನ್ನು ತಡೆಯುತ್ತದೆ. 2019ರ ತಿದ್ದುಪಡಿಯ ಮೇಲೆ ಪ್ರತಿಯೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೆ 6 ತಿಂಗಳವರೆಗೆ ಸೆರೆ, ಅಥವಾ ಎರಡೂ. ಅಮೆರಿಕದಂಥ ಬೈಕುಪ್ರಿಯ ದೇಶದಲ್ಲಿಯೂ 2016ರಲ್ಲಿ ಹಾರ್ಲೆ-ಡೇವಿಡ್‌ಸನ್ ಕಂಪನಿಯು, ಹೊಗೆಯ ಮಿತಿಯನ್ನು ಮೀರಿಸುವ ಟ್ಯೂನರುಗಳನ್ನು ಮಾರಿದ ಆಪಾದನೆಯ ಮೇಲೆ, 1 ಕೋಟಿ 20 ಲಕ್ಷ ಡಾಲರ್ ದಂಡ ಕೊಡಲು ಒಪ್ಪಬೇಕಾಯಿತು. ಆ ಟ್ಯೂನರುಗಳು ಸ್ಪರ್ಧೆಗೆ ಮಾತ್ರ ಎಂಬುದೇ ಆ ಕಂಪನಿಯ ಸಮರ್ಥನೆಯೂ ಆಗಿತ್ತು! ನಮ್ಮ ಪೊಲೀಸರು ವಶಪಡಿಸಿಕೊಂಡ ಸೈಲೆನ್ಸರುಗಳನ್ನು ಸಾಲಾಗಿ ಇಟ್ಟು ರೋಡುರೋಲರು ಹಾಯಿಸುವುದುಂಟು. ಪತ್ರಿಕೆಗೆ ಒಳ್ಳೆಯ ಚಿತ್ರ ಸಿಗುತ್ತದೆ. ಮರುವಾರ ಹೊಸ ಕೊಳವೆಗಳು ಅಂಚೆಯಲ್ಲಿ ಬರುತ್ತವೆ.

‘ಒಂದು ಬೈಕಿನ ಹೊಗೆಯೇನು ಮಹಾ, ಕಡಲಗಾಳಿ ಹೊತ್ತೊಯ್ಯುತ್ತದೆ’ ಎಂಬ ವಾದವೂ ಇದೆ. ನಮ್ಮ ಊರಿನ ಗಾಳಿ ದಿಲ್ಲಿಯ ಗಾಳಿಯಲ್ಲವೆಂಬುದು ನಿಜವೇ. ಆದರೆ ಹೊಗೆಯು ಮೊದಲು ಸೇರುವುದು ಕಡಲನ್ನಲ್ಲ, ಬೈಕು ಕಟ್ಟುವ ಹುಡುಗನ ಎದೆಯನ್ನು. ಆಷಾಢದ ಜಡಿಮಳೆಯಲ್ಲಿ ಗ್ಯಾರೇಜಿನ ಬಾಗಿಲನ್ನು ಅರ್ಧ ಎಳೆದು, ಒಳಗೆ ಎಂಜಿನ್ ಚಾಲೂ ಇಟ್ಟು, ಮತ್ತೆ ಮತ್ತೆ ಪರೀಕ್ಷಿಸುವವನು ಅವನು. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತದಲ್ಲಿ ಆಮ್ಲಜನಕದ ಸ್ಥಾನವನ್ನು ಕಬಳಿಸುತ್ತದೆ. ತಲೆನೋವೆಂದು ಚಹಾ ಕುಡಿದು ಮತ್ತೆ ಕೆಲಸಕ್ಕೆ ಕೂಡುತ್ತಾನೆ. ಬೈಕಿನ ಒಡೆಯನಿಗೆ ಅಬ್ಬರ, ಇವನಿಗೆ ವಿಷ. ಈ ಹಂಚಿಕೆಯನ್ನು ಕುರಿತು ಯಾರೂ ಮಾತನಾಡುವುದಿಲ್ಲ.

ದಂಡವೊಂದರಿಂದಲೇ ಇದು ನಿಲ್ಲುವುದೆಂಬ ನಂಬಿಕೆ ನನಗಿಲ್ಲ. ಸಾರ್ವಜನಿಕ ಸ್ಥಳದಲ್ಲಿ ಪಂದ್ಯವನ್ನು ನಿಷೇಧಿಸುವ 189ನೆಯ ಕಲಮು ರಾಜ್ಯ ಸರಕಾರದ ಲಿಖಿತ ಒಪ್ಪಿಗೆಯ ಬಾಗಿಲನ್ನು ತೆರೆದೇ ಇಟ್ಟಿದೆ. ಮೂರು ತಾಲೂಕುಗಳಿಗೂ ಸೇರಿ ಒಂದು ಅಂಗಳ ಬೇಕು. ಕಾಸರಕೋಡಿನ ಕಡಲತೀರವಲ್ಲ, ಅಲ್ಲಿ ಆಮೆಗಳು ಮೊಟ್ಟೆಯಿಡುತ್ತವೆ. ಶರಾವತಿ ಕಣಿವೆಯ ಕಾಡಲ್ಲ, ಅದು ಸಿಂಗಳೀಕಗಳ ಅಭಯಾರಣ್ಯ. ಕಲ್ಲು ತೆಗೆದು ಬಿಟ್ಟ ಯಾವುದಾದರೂ ಜಂಬಿಟ್ಟಿಗೆಯ ಹೊಂಡವಾದರೂ ಆದೀತು. ವರ್ಷಕ್ಕೆ ನಾಲ್ಕಾರು ದಿನ ಅಲ್ಲಿ ನಿಯಮಬದ್ಧವಾದ ಸ್ಪರ್ಧೆ ನಡೆಯಲಿ, ಆಂಬುಲೆನ್ಸ್ ನಿಂತಿರಲಿ, ಸ್ಪರ್ಧೆಗೆಂದೇ ಕಟ್ಟಿದ ಬೈಕುಗಳು ಪಿಕಪ್ಪಿನ ಬೆನ್ನೇರಿ ಬರಲಿ. ಹೆದ್ದಾರಿಯಲ್ಲಿ ತನ್ನ ಚಕ್ರದ ಮೇಲೆ ಓಡಿಬಂದ ಬೈಕಿಗೆ ಕಂಪನಿಯ ಕೊಳವೆಯೇ ಇರಬೇಕು. ಭಟ್ಕಳದಲ್ಲಿ 1980ರಿಂದ ಅಂಜುಮನ್ ಎಂಜಿನಿಯರಿಂಗ್ ಕಾಲೇಜಿದೆ. ಅಲ್ಲಿಯ ಅಧ್ಯಾಪಕರು ಮನಸ್ಸು ಮಾಡಿ, ಚಕ್ರವನ್ನು ಉರುಳೆಯ ಮೇಲೆ ಓಡಿಸಿ ಬಲವನ್ನು ಅಳೆಯುವ ಯಂತ್ರವೊಂದನ್ನು ಒದಗಿಸಿ, ಒಂದೇ ಬೈಕಿಗೆ ಕಂಪನಿಯ ಕೊಳವೆಯನ್ನೂ ಬರಿದಾದ ಕೊಳವೆಯನ್ನೂ ಒಂದಾದ ಮೇಲೊಂದು ಜೋಡಿಸಿ ನೋಡಲಿ. ಬಲವೆಷ್ಟು, ಹೊಗೆಯಲ್ಲಿ ವಿಷವೆಷ್ಟು ಎಂಬುದನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಕುಮಟಾದವರೆಗಿನ ಎಲ್ಲ ಗ್ಯಾರೇಜುಗಳ ಗೋಡೆಗೂ ಅಂಟಿಸಲಿ.