ಸುಂಕದವನ ಮುಂದೆ ಚೈನ್ ಗಾಡಿಯ ಸುಖದುಃಖ

2022ರ ಸೆಪ್ಟೆಂಬರ್ ಮಳೆಗೆ ಬೆಂಗಳೂರಿನ ಹೊರವರ್ತುಲ ರಸ್ತೆ ಕೆರೆಯಾಗಿದ್ದಾಗ, ಐಟಿ ಕಂಪನಿಗಳ ಎಂಜಿನಿಯರುಗಳು ಟ್ರ್ಯಾಕ್ಟರ್ ಏರಿ ಕೆಲಸಕ್ಕೆ ಹೊರಟ ಚಿತ್ರಗಳು ಜಗತ್ತಿನ ತುಂಬ ಹರಿದಾಡಿದವು. ಇಲ್ಲಿ ಚೆನ್ನೈಯಲ್ಲಿ ನಮ್ಮನ್ನು ಕಂಡ ತಮಿಳು ಗೆಳೆಯರೆಲ್ಲ ಅದನ್ನೇ ಎತ್ತಿ ರೇಗಿಸಿದರು. ಕಸ್ಟಮ್ಸ್ ಕ್ಲಿಯರೆನ್ಸ್ ಕೆಲಸದಲ್ಲಿರುವ ನನಗೆ ಮಾತ್ರ ಬೇರೊಂದು ಪ್ರಶ್ನೆ ಕಚಗುಳಿ ಇಟ್ಟಿತು. ಹತ್ತು ಜನರನ್ನು ಹೊತ್ತು ಸಾಗಿದ ಆ ಗಾಡಿ ಟ್ರ್ಯಾಕ್ಟರೋ, ಬಸ್ಸೋ?

ಸುಂಕದ ಕಾನೂನಿನಲ್ಲಿ ಇದಕ್ಕೆ ಉತ್ತರ ಸುಲಭ. ಒಂದು ದಿನ ಏನು ಹೊತ್ತಿತು ಎಂಬುದು ಲೆಕ್ಕಕ್ಕಿಲ್ಲ, ಯಾವುದಕ್ಕಾಗಿ ಕಟ್ಟಲಾಗಿದೆ ಎಂಬುದೇ ಲೆಕ್ಕ. ಮತ್ತೊಂದು ವಾಹನವನ್ನೋ ಉಪಕರಣವನ್ನೋ ಭಾರವನ್ನೋ ಎಳೆಯಲು ಇಲ್ಲವೇ ತಳ್ಳಲು ಮುಖ್ಯವಾಗಿ ಕಟ್ಟಿದ್ದು ಟ್ರ್ಯಾಕ್ಟರ್ ಎಂದು 87ನೇ ಅಧ್ಯಾಯದ ಎರಡನೇ ಟಿಪ್ಪಣಿ ಹೇಳುತ್ತದೆ. ಅದರಲ್ಲಿ ಬೀಜ, ಗೊಬ್ಬರ, ಹತಾರ ಇಟ್ಟುಕೊಳ್ಳಲು ಸ್ವಲ್ಪ ಜಾಗ ಇದ್ದರೂ ಅದು ಟ್ರ್ಯಾಕ್ಟರೇ. ಎಳೆಯಲೂ ಹೊರಲೂ ಜನ ಕೂರಲೂ ಒಟ್ಟಿಗೇ ಕಟ್ಟಿದ ಗಾಡಿ ಬಂದರಿಗೆ ಬಂದಾಗ ಶುರು ನಮ್ಮ ಪಾಡು.

ಅಂಥ ಗಾಡಿಗಳು ಇವೆ. ನಮ್ಮ ಹಳ್ಳಿಗಳಲ್ಲಿ ಚೈನ್ ಮೇಲೆ ಓಡುವ ಯಂತ್ರಕ್ಕೆಲ್ಲ ‘ಇಟಾಚಿ’ ಎನ್ನುತ್ತಾರಲ್ಲ, ಅದೇ ಚೈನ್ ಮೇಲೆ ಓಡುವ, ಆದರೆ ಮಣ್ಣು ಅಗೆಯದೆ ಹಿಮ, ಜೌಗು, ಮರಳಿನಲ್ಲಿ ಸಾಗುವ ವಾಹನಗಳು. ಸ್ವೀಡನ್ನಿನ ಬಿವಿ-206 ಇವುಗಳಲ್ಲಿ ಪ್ರಸಿದ್ಧ. ಮುಂದೊಂದು ಡಬ್ಬಿ, ಹಿಂದೊಂದು ಡಬ್ಬಿ. ಮುಂದೆ ಚಾಲಕ ಸೇರಿ ಆರು ಜನ, ಹಿಂದೆ ಹನ್ನೊಂದು ಜನ ಕೂರಬಹುದು. ನೀರಿನಲ್ಲೂ ತೇಲಿಕೊಂಡು ಹೋಗುತ್ತದೆ. ಇದೇ ಮನೆತನದ ಕವಚವಿರುವ ಬಿವಿಎಸ್-10 ವಾಹನವನ್ನು ‘ಸಿಂಧು’ ಹೆಸರಿನಲ್ಲಿ ನಮ್ಮ ಸೇನೆಗಾಗಿ ಗುಜರಾತಿನ ಹಜೀರಾದಲ್ಲಿ ತಯಾರಿಸಲು ಎಲ್ ಆ್ಯಂಡ್ ಟಿ ಮುಂದಾಗಿದೆ. ಅಂಟಾರ್ಕ್ಟಿಕಾದಲ್ಲಿ ನಮ್ಮ ವಿಜ್ಞಾನಿಗಳ ಸರಂಜಾಮು ಎಳೆಯುವುದೂ ಚೈನ್ ಗಾಡಿಗಳೇ. ಅಷ್ಟು ದೂರ ಏಕೆ, ಚೆನ್ನೈನ ಕಾಲುವೆಗಳಲ್ಲಿ ಹೂಳು, ಅಂತರಗಂಗೆ ತೆಗೆಯಲು ಪಾಲಿಕೆ ಇಳಿಸಿರುವ ನೆಲ-ನೀರು ಎರಡರಲ್ಲೂ ನಡೆಯುವ ಯಂತ್ರಗಳನ್ನು ನೋಡಿ. ಅವು ದೋಣಿಯೋ, ವಾಹನವೋ, ಅಗೆಯುವ ಯಂತ್ರವೋ ಎಂದು ದಡದಲ್ಲಿ ನಿಂತು ವಾದಿಸಬಹುದು.

ಸುಂಕದ ಪಟ್ಟಿಯಲ್ಲಿ ಇಂಥ ಗಾಡಿಗೆ ಮನೆ ಹುಡುಕೋಣ. ಎಳೆಯಲು ಕಟ್ಟಿದ್ದರೆ 8701. ಅಲ್ಲಿ ಚೈನ್ ಟ್ರ್ಯಾಕ್ಟರಿಗೇ ಪ್ರತ್ಯೇಕ ಉಪಶೀರ್ಷಿಕೆ ಇದೆ. ಚಾಲಕ ಸೇರಿ ಹತ್ತು ಅಥವಾ ಹೆಚ್ಚು ಜನರಿಗಾದರೆ 8702, ಕಡಿಮೆ ಜನರಿಗಾದರೆ 8703. ಹಿಮದ ಮೇಲೆ ಓಡಲೆಂದೇ ವಿಶೇಷವಾಗಿ ಕಟ್ಟಿದ ವಾಹನಗಳೂ ಈ 8703ರಲ್ಲೇ, ಗಾಲ್ಫ್ ಮೈದಾನದ ಗಾಡಿಗಳ ಪಕ್ಕದಲ್ಲಿ ಕೂತಿವೆ. ಸರಕಿಗಾದರೆ 8704, ಅಗ್ನಿಶಾಮಕದಂಥ ವಿಶೇಷ ಕೆಲಸಕ್ಕಾದರೆ 8705, ಕವಚದ ಯುದ್ಧವಾಹನವಾದರೆ 8710. ನೀರಿನಲ್ಲಿ ತೇಲುತ್ತದೆಂದು ಹಡಗಿನ ಅಧ್ಯಾಯಕ್ಕೆ ಓಡಬೇಕಿಲ್ಲ. ಉಭಯವಾಸಿ ಮೋಟಾರು ವಾಹನ 87ನೇ ಅಧ್ಯಾಯದಲ್ಲೇ ಇರಬೇಕೆಂದು ಟಿಪ್ಪಣಿ ಸ್ಪಷ್ಟವಾಗಿ ಹೇಳಿದೆ. ರಸ್ತೆಯಲ್ಲೂ ಓಡುವ ವಿಮಾನಕ್ಕೂ ಅಲ್ಲಿ ಒಂದು ಸಾಲು ಇದೆ ಅಂದರೆ, ಇದನ್ನು ಬರೆದವರು ಎಷ್ಟು ಮುಂದಾಲೋಚನೆಯವರು ನೋಡಿ.

ಹಿಂದಿನ ಡಬ್ಬಿಯ ಕಥೆ ಇನ್ನೂ ಸ್ವಾರಸ್ಯ. ಟ್ರೇಲರಿನ ಶೀರ್ಷಿಕೆ 8716. ಟ್ರೇಲರುಗಳು, ಸೆಮಿ ಟ್ರೇಲರುಗಳು ಮತ್ತು ಸ್ವಂತ ಯಂತ್ರಶಕ್ತಿಯಿಲ್ಲದ ಇತರ ವಾಹನಗಳು ಅಲ್ಲಿಗೆ ಸೇರುತ್ತವೆ. ಕೊಕ್ಕೆ ಹಾಕಿ ಎಳೆದು, ಬೇಡವಾದಾಗ ಬಿಚ್ಚಿ ನಿಲ್ಲಿಸುವಂಥದ್ದು ಟ್ರೇಲರ್. ಆದರೆ ಬಿವಿ-206ರಲ್ಲಿ ಎಂಜಿನ್ನಿನ ಶಕ್ತಿ ಹಿಂದಿನ ಡಬ್ಬಿಯ ಚೈನಿಗೂ ಹೋಗುತ್ತದೆ. ನಾಲ್ಕೂ ಚೈನುಗಳು ತಾವೇ ತಿರುಗುತ್ತವೆ. ಸ್ಟಿಯರಿಂಗ್ ಕೂಡ ಎರಡು ಡಬ್ಬಿಗಳ ನಡುವಿನ ಕೀಲಿನಲ್ಲಿದೆ. ಹಿಂದಿನದನ್ನು ಕಳಚಿದರೆ ಮುಂದಿನದಕ್ಕೆ ಸರಿಯಾಗಿ ತಿರುಗುವ ಯೋಗವೂ ಇಲ್ಲ. ನನ್ನ ಮಟ್ಟಿಗೆ ಇದು ಟ್ರೇಲರ್ ಅಲ್ಲ, ಒಂದೇ ದೇಹದ ಎರಡು ಭಾಗ. ಹಾಗೆಂದು ಚೈನ್ ಗಾಡಿಯ ಹಿಂದೆ ಬರುವುದೆಲ್ಲ ಅದರ ದೇಹವೂ ಅಲ್ಲ. ಸುಮ್ಮನೆ ಎಳೆಸಿಕೊಂಡು ಬರುವ ಬಂಡಿ ಜೊತೆಯಲ್ಲೇ ಬಂದರೂ ಅದರ ಜಾಗ 8716ರಲ್ಲೇ. ಟ್ರ್ಯಾಕ್ಟರಿಗೆ ಸಿಕ್ಕಿಸುವ ನೇಗಿಲಿನಂಥ ಉಪಕರಣಗಳು ಟ್ರ್ಯಾಕ್ಟರ್ ಜೊತೆ ಬಂದರೂ, ಅದಕ್ಕೆ ಜೋಡಿಸಿಯೇ ಬಂದರೂ ತಂತಮ್ಮ ಶೀರ್ಷಿಕೆಯಲ್ಲೇ ಉಳಿಯಬೇಕೆಂದು ಕಾನೂನೇ ಹೇಳುತ್ತದಲ್ಲ, ಆ ತರ್ಕವೂ ಇದರ ಹತ್ತಿರದ್ದೇ.

ಇಷ್ಟೆಲ್ಲ ಕೂದಲು ಸೀಳುವುದೇಕೆ ಎಂದರೆ ದುಡ್ಡಿಗಾಗಿ. ₹40 ಲಕ್ಷದ ಯಂತ್ರ ಎಂದಿಟ್ಟುಕೊಳ್ಳಿ. ಒಂದು ಶೀರ್ಷಿಕೆಯಲ್ಲಿ ಮೂಲ ಸುಂಕ ಶೇ 10, ಇನ್ನೊಂದರಲ್ಲಿ ಶೇ 70 ಎನ್ನೋಣ. ಸುಂಕ ಒಂದು ಕಡೆ ₹4 ಲಕ್ಷ, ಇನ್ನೊಂದು ಕಡೆ ₹28 ಲಕ್ಷ. ಅದರ ಮೇಲೆ ಶೇ 18 ಐಜಿಎಸ್‌ಟಿ ಸೇರಿಸಿದರೆ ₹11.92 ಲಕ್ಷ ಮತ್ತು ₹40.24 ಲಕ್ಷ. ಸೆಸ್‌ಗಳನ್ನು ಬಿಟ್ಟ ಲೆಕ್ಕ ಇದು. ಯಂತ್ರ ಅದೇ, ತೂಕ ಅದೇ, ಚೈನ್ ಅದೇ. ಓದುವ ಸಾಲು ಬದಲಾದದ್ದಕ್ಕೆ ₹28 ಲಕ್ಷಕ್ಕೂ ಹೆಚ್ಚು ವ್ಯತ್ಯಾಸ. 2025ರ ಬಜೆಟ್ ಏಳು ಸುಂಕ ದರಗಳನ್ನು ತೆಗೆದು, ಶೂನ್ಯವೂ ಸೇರಿ ಎಂಟನ್ನು ಉಳಿಸಿಕೊಂಡಿತು. ಆಗ ಜಗಳ ಕಡಿಮೆಯಾಗುತ್ತದೆ ಎಂದರು. ಆದರೆ ದರ ಇಳಿಸಿದ ಹಲವು ಸರಕುಗಳ ಮೇಲೆ ಕೃಷಿ ಮೂಲಸೌಕರ್ಯ ಸೆಸ್ ಕೂರಿಸಿದರು. ಹಳೆಯ ಅಂತರ ಬೇರೆ ಹೆಸರಿನಲ್ಲಿ ಹಾಗೇ ಉಳಿಯಿತು.

ಇದು ನಮ್ಮ ದೇಶದ್ದೇ ಕಾಯಿಲೆಯಲ್ಲ. ಅಮೆರಿಕದಲ್ಲಿ ಕಾರಿಗೆ ಶೇ 2.5, ಸರಕು ವಾಹನಕ್ಕೆ ಶೇ 25 ಸುಂಕವಿತ್ತು. ಯುರೋಪು ಅಮೆರಿಕದ ಕೋಳಿಮಾಂಸಕ್ಕೆ ಸುಂಕ ಹಾಕಿದ್ದಕ್ಕೆ ಸೇಡಾಗಿ ಬಂದಿದ್ದರಿಂದ, 1964ರ ಈ ದರಕ್ಕೆ ‘ಚಿಕನ್ ಟ್ಯಾಕ್ಸ್’ ಎಂದೇ ಹೆಸರು. ಫೋರ್ಡ್ ಕಂಪನಿ ಟರ್ಕಿಯಿಂದ ಟ್ರಾನ್ಸಿಟ್ ಕನೆಕ್ಟ್ ವ್ಯಾನುಗಳನ್ನು ಹಿಂದಿನ ಸೀಟಿನ ಸಮೇತ ತರಿಸಿ, ಕಾರೆಂದು ಸುಂಕ ಕಟ್ಟಿ, ಬಂದರು ದಾಟಿದ ಮೇಲೆ ಸೀಟು ಕಿತ್ತು ಸರಕು ವ್ಯಾನ್ ಮಾಡುತ್ತಿತ್ತು. 2019ರಲ್ಲಿ ಮೇಲ್ಮನವಿ ನ್ಯಾಯಾಲಯದಲ್ಲಿ ಸೋತಿತು. 2024ರಲ್ಲಿ 36.5 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ನಮ್ಮಲ್ಲಿ 2024ರಲ್ಲಿ ಸ್ಕೋಡಾ ಫೋಕ್ಸ್‌ವ್ಯಾಗನ್‌ಗೆ 140 ಕೋಟಿ ಡಾಲರಿನ ನೋಟಿಸ್ ಹೋಯಿತು. ಬಿಡಿಭಾಗಗಳೆಂದು ಬೇರೆ ಬೇರೆ ಕನ್ಸೈನ್‌ಮೆಂಟಿನಲ್ಲಿ ತರಿಸಿದ್ದು ವಾಸ್ತವದಲ್ಲಿ ಬಿಚ್ಚಿದ ಕಾರೇ ಎಂಬುದು ಇಲಾಖೆಯ ವಾದ. ಹನ್ನೆರಡು ವರ್ಷ ಸುಮ್ಮನಿದ್ದು ಈಗ ಕೇಳುವುದು ಸರಿಯೇ ಎಂದು ಕಂಪನಿ ಬಾಂಬೆ ಹೈಕೋರ್ಟಿಗೆ ಹೋಯಿತು.

ಚೆನ್ನೈಗೆ ಈ ವಿಷಯದಲ್ಲಿ ಇನ್ನೂ ಹಳೆಯ ನಂಟಿದೆ. ಟೈರಿನ ನೂಲಿಗೆ ಬೇಕಾದ ವಿಪಿ ಲ್ಯಾಟೆಕ್ಸ್ ರಬ್ಬರೋ ಅಲ್ಲವೋ ಎಂಬ ಜಗಳವನ್ನು ಡನ್‌ಲಪ್ ಜೊತೆ ಇಲ್ಲಿನ ಎಂಆರ್‌ಎಫ್ ಸುಪ್ರೀಂ ಕೋರ್ಟಿನವರೆಗೆ ಒಯ್ದಿತ್ತು. 1975ರಲ್ಲಿ ತೀರ್ಪು ಕಂಪನಿಗಳ ಪರ ಬಂತು. ವ್ಯಾಪಾರದಲ್ಲಿ ಬಲ್ಲವರು ಒಂದು ಸರಕನ್ನು ಏನೆಂದು ತಿಳಿಯುತ್ತಾರೋ ಅದೇ ಅದರ ಗುರುತು, ಪಟ್ಟಿಯಲ್ಲಿ ಹೆಸರಿರುವ ಮನೆಗೆ ಸೇರಬಹುದಾದದ್ದನ್ನು ‘ಇತರೆ’ ಎಂಬ ಅನಾಥಾಲಯಕ್ಕೆ ತಳ್ಳಬಾರದು ಎಂಬ ಆ ತೀರ್ಪಿನ ತಾತ್ಪರ್ಯವನ್ನು ಇಂದಿಗೂ ನಾವು ಅರ್ಜಿಗಳಲ್ಲಿ ಬರೆಯುತ್ತೇವೆ.

ದೊಡ್ಡ ಕಂಪನಿಗಳು ಹೈಕೋರ್ಟಿಗೆ ಹೋಗುತ್ತವೆ. ನನ್ನ ಚಿಂತೆ ಒಂದೇ ಒಂದು ಗಾಡಿ ತರಿಸುವ ಸಣ್ಣವರದು. ಕೆಲ ವರ್ಷಗಳ ಹಿಂದೆ ಒಬ್ಬ ಗ್ರಾಹಕರ ಚೈನ್ ಗಾಡಿ ಮತ್ತು ಅದರ ಬಂಡಿ ಕಂಟೇನರಿನಲ್ಲೇ ವಾರಗಟ್ಟಲೆ ಕೂತವು. ಕಂಪ್ಯೂಟರಿನಲ್ಲಿ ಪ್ರಶ್ನೆ ಬರುತ್ತಿತ್ತು, ನಾವು ಕ್ಯಾಟಲಾಗ್ ಹಾಕುತ್ತಿದ್ದೆವು, ಮತ್ತೆ ಅದೇ ಪ್ರಶ್ನೆ. ಡೆಮರೇಜ್ ಮೀಟರ್ ಓಡುತ್ತಲೇ ಇತ್ತು. ಕೊನೆಗೆ ಅವರು ‘ಸರ್, ಹೆಚ್ಚಿನ ಸುಂಕವೇ ಕಟ್ಟಿಬಿಡೋಣ, ಗಾಡಿ ಹೊರಗೆ ಬರಲಿ’ ಎಂದರು. ಹಾಗೆ ಕಟ್ಟಿದ ಸುಂಕ ಸರ್ಕಾರದ ಲೆಕ್ಕದಲ್ಲಿ ವಿವಾದವಿಲ್ಲದ ವರಮಾನ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆ ನಮ್ಮ ಅಜ್ಜಂದಿರ ಕಾಲದಲ್ಲೇ ಸುಮ್ಮನೆ ಹುಟ್ಟಲಿಲ್ಲ. ಹಾಗೆಂದು ಹನ್ನೆರಡನೇ ಶತಮಾನದಲ್ಲಿ ಸುಂಕ ವಸೂಲಿಯ ಕಾಯಕ ಮಾಡುತ್ತಲೇ ವಚನ ಬರೆದ ಸುಂಕದ ಬಂಕಣ್ಣನೂ ನಮ್ಮವನೇ. ಇತ್ತ ತಮಿಳರು ಸುಂಕ ಎತ್ತಿಹಾಕಿದ ಕುಲೋತ್ತುಂಗ ಚೋಳನನ್ನು ‘ಸುಂಗಂ ತವಿರ್ತ’ ಎಂದು ಬಿರುದು ಕೊಟ್ಟು ನೆನೆಯುತ್ತಾರೆ.

ತಮಾಷೆ ಬಿಡಿ. ಸಮಸ್ಯೆ ಅಧಿಕಾರಿಗಳ ಕೆಟ್ಟತನದ್ದು ಎಂದು ನನಗನ್ನಿಸಿಲ್ಲ. 2011ರಿಂದ ಸುಂಕವನ್ನು ಆಮದುದಾರನೇ ಲೆಕ್ಕ ಹಾಕಿ ಘೋಷಿಸಬೇಕು. ತಪ್ಪೆಂದು ಕಂಡರೆ ಎರಡು ವರ್ಷದೊಳಗೆ ನೋಟಿಸ್, ಬೇಕೆಂದೇ ಮುಚ್ಚಿಟ್ಟರೆಂದು ಆರೋಪಿಸಿದರೆ ಐದು ವರ್ಷದವರೆಗೂ. ಇನ್ನು ಮುಖರಹಿತ ಮೌಲ್ಯಮಾಪನ. ಅದು 2020ರ ಜೂನ್ 8ರಂದು ಮೊದಲು ಶುರುವಾದದ್ದೇ ಬೆಂಗಳೂರು ಮತ್ತು ಚೆನ್ನೈಗಳಲ್ಲಿ. ಗುರುತು ಪರಿಚಯ, ಶಿಫಾರಸು ನಡೆಯದಂತೆ ಮಾಡಿದ ಈ ವ್ಯವಸ್ಥೆಯನ್ನು ನಾನು ಮೆಚ್ಚುತ್ತೇನೆ. ಸಾಮಾನ್ಯ ಸರಕಿಗೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಚೆನ್ನೈ ಬಂದರಿನ ಗಾಡಿಯನ್ನು ಎಲ್ಲೋ ಕೂತ ಅಧಿಕಾರಿ ಪಿಡಿಎಫ್ ನೋಡಿ ನಿರ್ಧರಿಸುವಾಗ, ಹಿಂದಿನ ಚೈನ್ ತಾನೇ ತಿರುಗುತ್ತದೋ ಎಳೆಸಿಕೊಳ್ಳುತ್ತದೋ ಎಂಬುದು ಕಾಣುವುದಿಲ್ಲ. ಇಂಥ ಅಪರೂಪದ ಯಂತ್ರಗಳಿಗಾದರೂ ಬಂದರಿನ ಅಧಿಕಾರಿ ಎಂಜಿನ್ ಚಾಲೂ ಮಾಡಿಸಿ, ವಿಡಿಯೊ ತೆಗೆದು, ಮೌಲ್ಯಮಾಪಕನಿಗೆ ಕಳಿಸುವ ನಿಯಮ ಬರಲಿ. ಅರ್ಧ ಗಂಟೆಯ ಕೆಲಸ ಅದು.

ಮುಂಗಡ ತೀರ್ಪಿನ ಪ್ರಾಧಿಕಾರ ಇದೆಯಲ್ಲ ಎನ್ನುತ್ತಾರೆ. ಇದೆ, 2021ರಿಂದ ಹೊಸ ರೂಪದಲ್ಲಿ ನಡೆಯುತ್ತಿದೆ. ಮೂರು ತಿಂಗಳಲ್ಲಿ ಉತ್ತರ ಕೊಡಬೇಕು, ಉತ್ತರಕ್ಕೆ ಕೆಲವು ವರ್ಷಗಳ ಆಯಸ್ಸು. ಒಳ್ಳೆಯ ವ್ಯವಸ್ಥೆಯೇ. ಆದರೆ ಕಚೇರಿ ಇರುವುದು ದೆಹಲಿ, ಮುಂಬೈಗಳಲ್ಲಿ. ತೀರ್ಪು ಅರ್ಜಿ ಹಾಕಿದವನಿಗೆ ಮಾತ್ರ ಅನ್ವಯ. ಪಕ್ಕದ ಊರಿನವನು ಅದೇ ಗಾಡಿ ತಂದರೆ ಮತ್ತೆ ಮೊದಲಿನಿಂದ. ವಾಹನ ಕಾರ್ಖಾನೆಗಳ ಚೆನ್ನೈಗೆ, ಬೆಮೆಲ್ ಇರುವ ಕರ್ನಾಟಕಕ್ಕೆ ಹತ್ತಿರದಲ್ಲೊಂದು ಪೀಠ ಬೇಕು. ಒಂದು ಯಂತ್ರಕ್ಕೆ ಕೊಟ್ಟ ತೀರ್ಪನ್ನು ಅದೇ ಮಾದರಿಗೆ ಎಲ್ಲ ಬಂದರುಗಳಲ್ಲೂ ಒಪ್ಪುವಂತೆ ಸುತ್ತೋಲೆಯನ್ನೂ ಹೊರಡಿಸಬೇಕು.

ಅಲ್ಲಿಯವರೆಗೆ ಇಂಥದ್ದನ್ನು ತರಿಸಲು ಹೊರಟ ನಮ್ಮೂರಿನವರು ಆರ್ಡರ್ ಹಾಕುವ ಮೊದಲೇ ತಯಾರಕರಿಂದ ಒಂದು ಪತ್ರ ಬರೆಸಿಕೊಳ್ಳಲಿ. ಹಿಂದಿನ ಡಬ್ಬಿಗೆ ಎಂಜಿನ್ ಶಕ್ತಿ ಹೋಗುತ್ತದೆಯೇ, ಅದನ್ನು ಬಿಚ್ಚಿದರೆ ಮುಂದಿನದು ಓಡುತ್ತದೆಯೇ, ಎಷ್ಟು ಟನ್ ಎಳೆಯುತ್ತದೆ, ಎಷ್ಟು ಹೊರುತ್ತದೆ, ಸೀಟು ಎಷ್ಟು, ಅವು ಕಾಯಂ ಬೋಲ್ಟ್ ಆದವೇ ಇಲ್ಲವೇ ಎಂಬುದೆಲ್ಲ ಅದರಲ್ಲಿರಲಿ. ಕ್ಯಾಟಲಾಗಿನಲ್ಲಿ ಸಾಹಸ ಪ್ರವಾಸದ ಚಿತ್ರಗಳಿದ್ದರೆ ಇಡೀ ಕ್ಯಾಟಲಾಗ್ ಬದಲು ತಾಂತ್ರಿಕ ನಕ್ಷೆಯನ್ನೂ ಕೇಳಿ ಪಡೆಯಿರಿ. ಡಬ್ಬಿಗಳು ಎರಡು ಕಂಟೇನರಿನಲ್ಲಿ ಬರುವುದಾದರೆ ಒಂದೇ ಬಿಲ್ ಆಫ್ ಲೇಡಿಂಗ್ ಮಾಡಿಸಿ, ಒಂದೇ ಹಡಗಿಗೆ ಹತ್ತಿಸಿ.