ಕೀಲಿಮಣೆಯೂ ಕಚೇರಿಯ ಕನ್ನಡವೂ

ಕನ್ನಡವು ಈ ರಾಜ್ಯದ ಆಡಳಿತ ಭಾಷೆಯೆಂದು 1963ರಲ್ಲಿಯೇ ಶಾಸನವಾಯಿತು. ಶಾಸನವು ಭಾಷೆಗೆ ಪೀಠವನ್ನು ಕೊಡಬಲ್ಲದು. ಕಾರಕೂನನ ಬೆರಳುಗಳಿಗೆ ಅಭ್ಯಾಸವನ್ನು ಕೊಡಲಾರದು. ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ಎಂಬ ಈ ನಾಲ್ಕು ತಾಲೂಕುಗಳಲ್ಲಿ ರೈತನ ಅರ್ಜಿಗೆ ಶುದ್ಧ ಕನ್ನಡದಲ್ಲಿ ಸಕಾಲಕ್ಕೆ ಉತ್ತರ ಬರಬೇಕಾದರೆ, ಕೀಲಿಮಣೆಯ ಪ್ರಶ್ನೆಯನ್ನು ಕ್ಷುಲ್ಲಕವೆಂದು ತಳ್ಳಿಹಾಕಲಾಗದು.

ಕನ್ನಡ ಶಬ್ದವನ್ನು ಇಂಗ್ಲಿಷ್ ಕಾಗುಣಿತದಲ್ಲಿ ಒತ್ತಿ, ಯಂತ್ರದಿಂದ ಕನ್ನಡಕ್ಕೆ ತಿರುಗಿಸಿಕೊಳ್ಳುವ ರೂಢಿಯು ಇಂದು ಬಲವಾಗಿದೆ. ಇದು ಸುಲಭವೆಂಬುದು ನಿಜ, ನಿರಪಾಯವೆಂಬುದು ನಿಜವಲ್ಲ. ದಾಂಡೇಲಿಯಲ್ಲಿ ಮೊದಲನೆಯದು ದಕಾರ, ಎರಡನೆಯದು ಡಕಾರ. ಇಂಗ್ಲಿಷ್ ಕಾಗುಣಿತವು ಎರಡಕ್ಕೂ ಒಂದೇ ಅಕ್ಷರವನ್ನು ಕೊಡುತ್ತದೆ. ಹಳಿಯಾಳದ ಳಕಾರಗಳೆರಡೂ ಅದರಲ್ಲಿ ಲಕಾರಗಳಾಗುತ್ತವೆ. ಹೆಸರಾದ ಊರುಗಳನ್ನು ಯಂತ್ರವು ಊಹಿಸಿ ತಿದ್ದೀತು. ಕಾಡಿನ ನಡುವಿನ ಹತ್ತು ಮನೆಗಳ ಮಜರೆಯ ಹೆಸರನ್ನೂ, ಅಲ್ಲಿಯ ಸಿದ್ದಿ ಅಥವಾ ಗೌಳಿ ಕುಟುಂಬದ ಯಜಮಾನನ ಹೆಸರನ್ನೂ ತಿದ್ದುವವರು ಯಾರು? ಉತಾರದಲ್ಲಿ ತಪ್ಪಿದ ಒಂದಕ್ಷರವನ್ನು ಸರಿಪಡಿಸಿಕೊಳ್ಳಲು ಆ ಬಡವನೇ ಕೂಲಿ ಬಿಟ್ಟು ಕಚೇರಿಗೆ ಅಲೆಯಬೇಕಾಗುವುದು.

ಇದಕ್ಕೆ ಪರಿಹಾರವು ನಮ್ಮಲ್ಲಿಯೇ ಉಂಟು. ಶ್ರೀ ಕೆ. ಪಿ. ರಾವ್ ಅವರು ರೂಪಿಸಿದ ವಿನ್ಯಾಸವನ್ನು ರಾಜ್ಯ ಸರಕಾರವು ಅಂಗೀಕರಿಸಿತು. 'ನುಡಿ' ತಂತ್ರಾಂಶದಲ್ಲಿ ಇರುವುದು ಅದೇ. ಅದರಲ್ಲಿ ದಕಾರಕ್ಕೊಂದು ಕೀಲಿ, ಡಕಾರಕ್ಕೆ ಬೇರೊಂದು ಕೀಲಿ. ಅಕಾರವು ವ್ಯಂಜನದಲ್ಲಿಯೇ ಅಡಗಿರುವುದರಿಂದ ಒತ್ತುಗಳೂ ಕಡಿಮೆ: 'ಕನ್ನಡ' ಎಂಬುದಕ್ಕೆ ಐದು ಒತ್ತುಗಳು ಸಾಕು, ಇಂಗ್ಲಿಷ್ ಕಾಗುಣಿತದಲ್ಲಿ ಏಳು ಬೇಕು. ಕೇಂದ್ರದ ಇಲೆಕ್ಟ್ರಾನಿಕ್ಸ್ ಇಲಾಖೆಯು 1986ರಲ್ಲಿ ಹೊರಡಿಸಿದ 'ಇನ್‌ಸ್ಕ್ರಿಪ್ಟ್' ಮತ್ತೊಂದು ಮಾರ್ಗ. ಸ್ವರಗಳು ಎಡಗೈಗೆ, ವ್ಯಂಜನಗಳು ಹೆಚ್ಚಾಗಿ ಬಲಗೈಗೆ ಎಂಬುದು ಅದರ ಕ್ರಮ. ಕನ್ನಡದ ಕಕಾರವಿರುವ ಕೀಲಿಯಲ್ಲಿಯೇ ದೇವನಾಗರಿಯ ಕಕಾರವೂ ಇದೆ. ಮರಾಠಿ, ಕೊಂಕಣಿಗಳು ಮನೆಮಾತಾಗಿರುವ ಹಳಿಯಾಳ, ಜೋಯಿಡಾಗಳಲ್ಲಿ ಇದು ಕಡೆಗಣಿಸತಕ್ಕ ಗುಣವಲ್ಲ.

ಆದರೆ ಎರಡನ್ನೂ ಒಮ್ಮೆಗೇ ಕಲಿಯಹೊರಡುವುದು ಅವಿವೇಕ. ಇಂಗ್ಲಿಷಿನ 'ಎಫ್' ಕೀಲಿಯು ರಾವ್ ಅವರ ವಿನ್ಯಾಸದಲ್ಲಿ ಒತ್ತಕ್ಷರವನ್ನು ಬೆಸೆಯುತ್ತದೆ, ಇನ್‌ಸ್ಕ್ರಿಪ್ಟಿನಲ್ಲಿ ಗುಡಿಸನ್ನು ಕೊಡುತ್ತದೆ. ಒಂದೇ ಬೆರಳಿಗೆ ಇಬ್ಬರು ಯಜಮಾನರಾದರೆ ಅದು ಯಾರ ಮಾತನ್ನೂ ಕೇಳದು. ಆದುದರಿಂದ ಸರಕಾರಿ ಕೆಲಸವನ್ನು ಮಾಡುವವರೂ ಬಯಸುವವರೂ ರಾಜ್ಯವು ಅಂಗೀಕರಿಸಿದ ವಿನ್ಯಾಸವನ್ನು ಮೊದಲು ಕಲಿಯಲಿ. ಎರಡು ಲಿಪಿಗಳಲ್ಲಿ ವ್ಯವಹರಿಸುವವರು ಇನ್‌ಸ್ಕ್ರಿಪ್ಟನ್ನು ಆರಿಸಿಕೊಳ್ಳಲಿ ಎಂದು ನಾವು ಹೇಳುತ್ತೇವೆ.

ವಿನ್ಯಾಸವು ಉತ್ತಮವಾದ ಮಾತ್ರಕ್ಕೆ ಜನರು ಅದನ್ನು ಕೈಕೊಳ್ಳುವರೆಂದು ನಂಬಲಾಗದು. ಅಮೇರಿಕೆಯಲ್ಲಿ ಡ್ವೊರಾಕ್ ಎಂಬ ಪಂಡಿತರು ಇಂಗ್ಲಿಷಿಗೆ ಹೊಸ ವಿನ್ಯಾಸವನ್ನು ರಚಿಸಿ, 1936ರಲ್ಲಿ ಪೇಟೆಂಟು ಪಡೆದರು. ಆದರೂ 1870ರ ದಶಕದ ಹಳೆಯ ವಿನ್ಯಾಸವೇ ಇಂದಿಗೂ ಲೋಕವನ್ನು ಆಳುತ್ತಿದೆ. ಹಳೆಯದನ್ನು ಬಿಟ್ಟವನ ವೇಗವು ಮೊದಮೊದಲು ಕುಗ್ಗುತ್ತದೆ. ಕಡತಗಳು ರಾಶಿಬಿದ್ದ ಕಚೇರಿಯಲ್ಲಿ ಈ ನಷ್ಟವನ್ನು ಸಹಿಸುವವರು ಯಾರು?

ಇಲ್ಲಿಯೇ ಅಧಿಕಾರಿಗಳ ಹೊಣೆಯಿದೆ. ಕಲಿಯುವವನಿಗೆ ದಿನಕ್ಕೆ ಅರ್ಧ ತಾಸಿನ ಬಿಡುವನ್ನು ಕಚೇರಿಯ ವೇಳೆಯಲ್ಲಿಯೇ ಕೊಡಬೇಕು. ಕೀಲಿಗಳನ್ನು ನೋಡದೆ ಬೆರಳಾಡಿಸುವಂತೆ ಕಲಿಸಬೇಕು. ಮೊದಲು ತಪ್ಪಿಲ್ಲದಿರುವಿಕೆಯನ್ನೂ ಆಮೇಲೆ ವೇಗವನ್ನೂ ಎಣಿಸಬೇಕು. ಬೆರಳಚ್ಚಿನ ಪರೀಕ್ಷೆಯು ಯಾವ ವಿನ್ಯಾಸದಲ್ಲಿ ನಡೆಯುವುದೆಂದು ನೇಮಕಾತಿಯ ಪ್ರಕಟಣೆಯಲ್ಲಿಯೇ ಸ್ಪಷ್ಟಪಡಿಸಬೇಕು. ಮುಂಡಗೋಡದ ಬಡ ತರುಣನು ಒಂದನ್ನು ಕಲಿತು, ಪರೀಕ್ಷೆಯ ದಿನ ಮತ್ತೊಂದರ ಮುಂದೆ ಕೂಡ್ರುವುದು ಅನ್ಯಾಯವಾದೀತು.

ಇದಕ್ಕೆ ದೊಡ್ಡ ವೆಚ್ಚವೇನೂ ಬೇಕಿಲ್ಲ. ಬೇಕಾದುದು ತಾಳ್ಮೆ ಮತ್ತು ನಿಶ್ಚಯ. ಪ್ರಜೆಯ ಹೆಸರನ್ನು ತಪ್ಪಿಲ್ಲದೆ ಬರೆಯುವುದು ಆಡಳಿತವು ಅವನಿಗೆ ಸಲ್ಲಿಸಬೇಕಾದ ಮೊದಲನೆಯ ಗೌರವವಾಗಿದೆ.