ಬೇಸಿಗೆಯ ಕೋಳಿಮನೆ: ಮೊದಲು ನೀರು, ಆಮೇಲೆ ಜೀವಸತ್ವ

ಕೊಪ್ಪಳ, ಹೊಸಪೇಟೆ, ಬಳ್ಳಾರಿ ಕಡೆಯ ಕೋಳಿ ಸಾಕಣೆದಾರರಿಗೆ ಏಪ್ರಿಲ್-ಮೇ ತಿಂಗಳುಗಳೆಂದರೆ ಏನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಹೊರಗಿನ ಉಷ್ಣತೆ 40 ಡಿಗ್ರಿ ಸೆಂಟಿಗ್ರೇಡ್ ಮುಟ್ಟಿದ ಮಧ್ಯಾಹ್ನ ಸಿಮೆಂಟ್ ಶೀಟಿನ ಕೋಳಿಮನೆಯನ್ನು ಹೊಕ್ಕರೆ, ಸಾವಿರಾರು ಕೋಳಿಗಳು ಬಾಯಿ ತೆರೆದು, ರೆಕ್ಕೆ ಜೋಲುಬಿಟ್ಟು ತೇಕುತ್ತಿರುವ ಸದ್ದೇ ಸದ್ದು. ಇಂಥ ದಿನಗಳಲ್ಲಿ ಔಷಧಿ ಅಂಗಡಿಯಲ್ಲಿ ಜೀವಸತ್ವದ ಪೊಟ್ಟಣಗಳಿಗೆ ಬೇಡಿಕೆ ಏರುತ್ತದೆ. ಈ ಪೊಟ್ಟಣಗಳ ಬಗೆಗೂ, ಅವನ್ನು ಬರೆದುಕೊಡುವ ನಮ್ಮಂಥವರ ಬಗೆಗೂ ನಾಲ್ಕು ಮಾತು ಹೇಳುವುದು ಅವಶ್ಯವೆಂದು ನನಗೆ ತೋರುತ್ತದೆ.

ಕೆಲವು ವರ್ಷಗಳ ಹಿಂದೆ ಒಂದು ಮೇ ತಿಂಗಳಲ್ಲಿ ಮೊಟ್ಟೆಕೋಳಿ ಸಾಕುವ ರೈತರೊಬ್ಬರು ನನ್ನಲ್ಲಿಗೆ ಬಂದು, ಮೊಟ್ಟೆ ಇಳಿದಿದೆ, ಚಿಪ್ಪು ತೆಳುವಾಗಿದೆ, ದಿನವೂ ಕೋಳಿಗಳು ಸಾಯುತ್ತಿವೆ ಎಂದರು. ಸಿ ಮತ್ತು ಇ ಜೀವಸತ್ವಗಳ ಹೆಸರು ಬರೆದು ಚೀಟಿ ಕೊಟ್ಟು ಕಳುಹಿಸಿದೆ. ವಾರ ಕಳೆದ ಮೇಲೆ ಅವರು ಮತ್ತೆ ಬಂದರು, ಸಾವು ನಿಂತಿರಲಿಲ್ಲ. ಆಗ ಜೊತೆಗೆ ಹೋಗಿ ನೋಡಿದೆ. ನೀರಿನ ಕಪ್ಪು ಪ್ಲಾಸ್ಟಿಕ್ ಟ್ಯಾಂಕು ನೆತ್ತಿಯ ಬಿಸಿಲಿಗೆ ನಿಂತಿತ್ತು. ಕೊಳವೆಯ ನೀರಿಗೆ ಕೈಯೊಡ್ಡಿದರೆ ಸ್ನಾನಕ್ಕೆ ಕಾಯಿಸಿಟ್ಟಂತಿತ್ತು. “ಪುಡಿ ದಿನಾ ಹಾಕಾಕತ್ತೀನ್ರಿ ಸಾಹೇಬ್ರ, ಕೋಳಿ ನೀರs ಕುಡಿವಲ್ವು” ಎಂದರು. ಕುಡಿಯದ ನೀರಿನಲ್ಲಿ ಜೀವಸತ್ವ ಕರಗಿಸಿ ಫಲವೇನು? ತಪ್ಪು ಅವರದಲ್ಲ. ನೀರು ಹೇಗಿದೆ ಎಂದು ನಾನು ಕೇಳಿಯೇ ಇರಲಿಲ್ಲ.

ಹಾಗೆಂದು ಈ ಜೀವಸತ್ವಗಳು ಬರಿಯ ಮಾತಿನ ಸರಕೆಂದು ತಿಳಿಯಬಾರದು. ಉಷ್ಣತೆ ಹೆಚ್ಚಿದಾಗ ಕೋಳಿಯ ಜೀವಕೋಶಗಳಲ್ಲಿ ಉತ್ಕರ್ಷಣ ಕ್ರಿಯೆ ಮಿತಿಮೀರುತ್ತದೆ. ಹಳೆಯ ಎಣ್ಣೆ ಕಮಟು ಹಿಡಿಯುವಂತೆ ಕೋಶಪೊರೆಯ ಕೊಬ್ಬು ಕೆಡುತ್ತದೆ. ಇದನ್ನು ತಡೆಯುವುದು ಇ ಜೀವಸತ್ವ. ಹಾಗೆ ತಡೆದು ಬಳಲಿದ ಇ ಜೀವಸತ್ವವನ್ನು ಮತ್ತೆ ಕೆಲಸಕ್ಕೆ ಅಣಿಗೊಳಿಸುವುದು ಸಿ ಜೀವಸತ್ವ. ಆದುದರಿಂದಲೇ ಎರಡನ್ನೂ ಜೊತೆಯಾಗಿ ಕೊಡುವುದು. ಕೋಳಿ ನಮ್ಮಂತಲ್ಲ, ತನಗೆ ಬೇಕಾದ ಸಿ ಜೀವಸತ್ವವನ್ನು ತನ್ನ ಮೂತ್ರಪಿಂಡದಲ್ಲಿ ತಾನೇ ತಯಾರಿಸಿಕೊಳ್ಳುತ್ತದೆ. ಆದರೆ ಕಡು ಬೇಸಿಗೆಯಲ್ಲಿ ಆ ತಯಾರಿಕೆ ಸಾಲದು. 1990ರ ದಶಕದ ಕೊನೆಯಲ್ಲಿ ಬ್ರಿಟನ್ನಿನಲ್ಲಿ ಮೊಟ್ಟೆಕೋಳಿಗಳ ಮೇಲೆ ನಡೆದ ಪ್ರಯೋಗಗಳಲ್ಲಿ, ಆಹಾರದ ಪ್ರತಿ ಕಿಲೋಗೆ 250 ಮಿಲಿಗ್ರಾಂ ಇ ಜೀವಸತ್ವ ಸೇರಿಸಿದಾಗ ಮೊಟ್ಟೆಯ ಇಳಿತ ಕಡಿಮೆಯಾಯಿತು. ತುರ್ಕಿಯ ಫಿರಾತ್ ವಿಶ್ವವಿದ್ಯಾಲಯದವರು 34 ಡಿಗ್ರಿ ಸೆಕೆಯಲ್ಲಿ ಸಾಕಿದ ಜಪಾನಿ ಕ್ವೇಲ್ ಹಕ್ಕಿಗಳಲ್ಲಿ ಎರಡೂ ಜೀವಸತ್ವಗಳ ಜೋಡಿಯಿಂದ ಒಳ್ಳೆಯ ಫಲ ಕಂಡರು.

ಈ ಪ್ರಯೋಗಗಳನ್ನು ಓದುವಾಗ ನಾವು ಮರೆಯುವ ಸಂಗತಿಯೊಂದಿದೆ. ಪ್ರಯೋಗಶಾಲೆಯ ಹಕ್ಕಿಗಳಿಗೆ ಸೆಕೆಯೊಂದೇ ಕಷ್ಟ. ಅವುಗಳ ನೀರು ಶುದ್ಧ, ಆಹಾರ ತಾಜಾ, ಜಾಗ ಸಾಕಷ್ಟು. ನಮ್ಮ ಕೋಳಿಗೆ ಸೆಕೆಯ ಜೊತೆಗೆ ಕಾದ ನೀರು, ಇಕ್ಕಟ್ಟು, ಕಮಟು ಹಿಡಿದ ತೌಡು ಎಲ್ಲವೂ ಸೇರಿರುತ್ತವೆ. ಕಮಟು ತೌಡಂತೂ ನಾವು ದುಡ್ಡು ಕೊಟ್ಟು ಸೇರಿಸಿದ ಇ ಜೀವಸತ್ವವನ್ನು ಮೂಟೆಯಲ್ಲಿಯೇ ತಿಂದುಹಾಕುತ್ತದೆ. ಇನ್ನೂ ಒಂದು ಲೆಕ್ಕ ನೋಡಿ. ದಿನಕ್ಕೆ 110 ಗ್ರಾಂ ತಿನ್ನುತ್ತಿದ್ದ ಕೋಳಿ ಸೆಕೆಗೆ 80 ಗ್ರಾಂಗೆ ಇಳಿದರೆ, ಅದರ ಹೊಟ್ಟೆ ಸೇರುವ ಜೀವಸತ್ವವೂ ಕಾಲುಭಾಗಕ್ಕಿಂತ ಹೆಚ್ಚು ಕಡಿಮೆಯಾಯಿತು. ಕೋಳಿ ತಿನ್ನುವಂತೆ, ಕುಡಿಯುವಂತೆ ಮಾಡುವುದೇ ಮೊದಲ ಚಿಕಿತ್ಸೆ.

ಕೋಳಿಗೆ ಬೆವರು ಗ್ರಂಥಿಗಳಿಲ್ಲ. ಅದರ ಮೈಯ ಉಷ್ಣತೆಯೇ 41ರಿಂದ 42 ಡಿಗ್ರಿ. ಸುತ್ತಲಿನ ಗಾಳಿ ಅದರ ಹತ್ತಿರಕ್ಕೆ ಬಂದಿತೆಂದರೆ, ತೇಕಿ ಉಸಿರಿನಲ್ಲಿ ನೀರನ್ನು ಆವಿಯಾಗಿಸುವುದೊಂದೇ ದಾರಿ. ತೇಕಿದಂತೆಲ್ಲ ಇಂಗಾಲಾಮ್ಲ ಹೊರಹೋಗಿ ರಕ್ತ ಕ್ಷಾರವಾಗುತ್ತದೆ, ಮೊಟ್ಟೆಯ ಚಿಪ್ಪು ತೆಳುವಾಗುತ್ತದೆ. ತಂಪಿನ ದಿನಗಳಲ್ಲಿ ತಿಂದ ಆಹಾರದ ಎರಡರಷ್ಟು ನೀರು ಕುಡಿಯುವ ಕೋಳಿ ಕಡು ಸೆಕೆಯಲ್ಲಿ ನಾಲ್ಕರಷ್ಟು, ಅದಕ್ಕೂ ಹೆಚ್ಚು ಕುಡಿಯಬೇಕಾಗುತ್ತದೆ. ಆ ನೀರೇ ಬಿಸಿಯಾಗಿದ್ದರೆ ಅದು ಸೋತಂತೆಯೇ.

ಆದುದರಿಂದ ಪೊಟ್ಟಣ ಕೊಳ್ಳುವ ಮೊದಲು ಟ್ಯಾಂಕನ್ನು ನೆರಳಿಗೆ ತನ್ನಿ, ಒದ್ದೆ ಗೋಣಿತಟ್ಟು ಸುತ್ತಿ. ಬಿಸಿಲಿನಲ್ಲಿ ಹಾದುಬರುವ ಕೊಳವೆಯನ್ನು ಮುಚ್ಚಿ; ಮಧ್ಯಾಹ್ನ ಒಂದೆರಡು ಸಲ ಅದರಲ್ಲಿ ನಿಂತ ನೀರನ್ನು ಹರಿಯಬಿಡಿ. ಮಾಡಿಗೆ ಸುಣ್ಣ ಬಳಿಯುವುದು, ತೆಂಗಿನ ಗರಿಯನ್ನೋ ಹುಲ್ಲನ್ನೋ ಹೊದಿಸುವುದು ಎಲ್ಲರೂ ಬಲ್ಲ ಉಪಾಯ, ಆದರೆ ಮಾರ್ಚ್ ಮುಗಿಯುವ ಮೊದಲೇ ಮಾಡಿದವರು ಕಡಿಮೆ. (ಹುಲ್ಲು ಹೊದಿಸಿದಲ್ಲಿ ಬೆಂಕಿಯ ಎಚ್ಚರ ಬೇಕು.) ತಿಂದ ಆಹಾರ ಅರಗುವಾಗ ಹುಟ್ಟುವ ಕಾವು ನಾಲ್ಕೈದು ಗಂಟೆಗಳ ನಂತರ ಹೆಚ್ಚಾಗಿರುತ್ತದೆ. ಹಾಗಾಗಿ ನಸುಕಿನಲ್ಲಿಯೇ ಆಹಾರ ಕೊಡಿ. ಬೆಳಿಗ್ಗೆ 10ರ ಹೊತ್ತಿಗೆ ನಿಲ್ಲಿಸಿ, ಸಂಜೆ ತಂಪಾದ ಮೇಲೆ ಉಳಿದುದನ್ನು ಕೊಡಿ. ನೀರನ್ನು ಮಾತ್ರ ಎಂದೂ ನಿಲ್ಲಿಸಬಾರದು. ಕರಾವಳಿಯಲ್ಲಿ ಗಾಳಿಯಲ್ಲಿಯೇ ತೇವ ಹೆಚ್ಚಿರುವುದರಿಂದ, ಗಾಳಿಯಾಡದ ಮನೆಯಲ್ಲಿ ತುಂತುರು ಹಾಯಿಸಿದರೆ ಲಾಭಕ್ಕಿಂತ ಕೇಡೇ ಹೆಚ್ಚು.

ಇಷ್ಟಾದ ಮೇಲೆ ಜೀವಸತ್ವಕ್ಕೆ ಬೆಲೆಯಿದೆ. ಆದರೆ ಸಿ ಜೀವಸತ್ವ ಬಹಳ ನಾಜೂಕು. ಬಿಸಿ, ಬೆಳಕು, ಕಬ್ಬಿಣ, ತಾಮ್ರ, ಬ್ಲೀಚಿಂಗ್ ಪುಡಿ ಎಲ್ಲವೂ ಅದಕ್ಕೆ ವೈರಿಗಳೇ. ಬ್ಲೀಚಿಂಗ್ ಪುಡಿ ಹಾಕಿದ ಟ್ಯಾಂಕಿಗೇ ಇದನ್ನೂ ಸುರಿಯುವುದನ್ನು ಅನೇಕ ಕಡೆ ಕಂಡಿದ್ದೇನೆ. ಅದು ಹಣವನ್ನು ನೀರಿಗೆ ಹಾಕಿದಂತೆಯೇ ಸರಿ. ಬ್ಲೀಚಿಂಗ್ ಸೇರದ, ಶುದ್ಧವಾದ ತಂಪು ನೀರಿನಲ್ಲಿ, ಎರಡು ಮೂರು ಗಂಟೆಗಳಲ್ಲಿ ಕುಡಿದು ಮುಗಿಯುವಷ್ಟನ್ನೇ ಬೆಳಗಿನ ಹೊತ್ತು ಕರಗಿಸಬೇಕು. ಆಹಾರದಲ್ಲಿ ಬೆರೆಸುವುದಾದರೆ ಹೊದಿಕೆ ಲೇಪಿಸಿದ ಪುಡಿಯನ್ನೇ ಕೇಳಿ ತನ್ನಿ. ಕೋಳಿ ತೇಕತೊಡಗಿದ ಮೇಲೆ ಓಡುವುದಕ್ಕಿಂತ, ಸೆಕೆಗೆ ಮೊದಲೇ ಆರಂಭಿಸುವುದು ಮೇಲು. ಬ್ರಿಟನ್ನಿನ ಪ್ರಯೋಗದಲ್ಲಿಯೂ ಸೆಕೆಯ ಮುಂಚೆ, ಸೆಕೆಯಲ್ಲಿ, ಅನಂತರವೂ ಇ ಜೀವಸತ್ವ ಕೊಟ್ಟಾಗಲೇ ಫಲ ಚೆನ್ನಾಗಿತ್ತು.

ಕಂಪನಿಯೊಡನೆ ಕರಾರಿನ ಮೇಲೆ ಮಾಂಸದ ಕೋಳಿ ಸಾಕುವವರಿಗೆ ಆಹಾರವೂ ಔಷಧಿಯೂ ಕಂಪನಿಯಿಂದಲೇ ಬರುತ್ತವೆ. ಅವರ ಕೈಯಲ್ಲಿ ಉಳಿದಿರುವುದು ಮಾಡು ಮತ್ತು ನೀರು ಮಾತ್ರ.

ಮೇಲೆ ಹೇಳಿದ ರೈತರು ಟ್ಯಾಂಕನ್ನು ಬೇವಿನ ಮರದಡಿಗೆ ಸಾಗಿಸಿದರು. ಸಾವು ಇಳಿಯಿತು. ಅದರಲ್ಲಿ ನೆರಳಿನ ಪಾಲೆಷ್ಟು, ಪುಡಿಯ ಪಾಲೆಷ್ಟು ಎಂದು ಬೇರ್ಪಡಿಸಲು ನನ್ನಿಂದಾಗದು. ಮರುವರ್ಷ ಭೇಟಿಯಾದಾಗ, ಪೊಟ್ಟಣ ಬಿಟ್ಟುಬಿಟ್ಟಿರಾ ಎಂದು ಕೇಳಿದೆ. “ಇಲ್ರಿ, ಮಾರ್ಚಿನ್ಯಾಗs ತಂದೀನಿ. ಮನಿಯೊಳಗ ತಂಪಿನ್ಯಾಗ ಇಟ್ಟೀನಿ” ಎಂದರು.